ಅಳೆದು ಸುರಿದು ತಂದ ಮೊಬೈಲು

ಆ ಕಾಗದ ಬಂದದ್ದು ಹಾಲಿನ ಒಕ್ಕೂಟದಿಂದ ಮರಳಿದ ಖಾಲಿ ಕ್ಯಾನಿನೊಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟುಕೊಂಡು. ಎರಡು ಸಾವಿರದ ಹದಿನೈದನೆಯ ಇಸವಿಯ ಶ್ರಾವಣ. ಬೆಳಗಿನ ಹಾಲು ಹಾಕಿಸಿಕೊಳ್ಳುವ ಹೊತ್ತು. ಪಾರಿಸ ಚೌಗುಲೆ ಕ್ಯಾನಿನ ಮುಚ್ಚಳ ತೆಗೆದು, ಒಳಗೆ ಕೈ ಹಾಕಿ, ಕಾಗದವನ್ನು ಹೊರಗೆ ತೆಗೆದ. ಅದನ್ನು ಅಲ್ಲೇ ಬಿಟ್ಟಿದ್ದರೆ ಕ್ಯಾನು ತೊಳೆಯುವಾಗ ಹರಿದು ಹೋಗುತ್ತಿತ್ತು. ಆದರೆ ಹತ್ತೊಂಬತ್ತು ವರ್ಷ ಡೇರಿಯ ಸೆಕ್ರೆಟರಿಯಾಗಿದ್ದವನಿಗೆ ಕ್ಯಾನಿನಲ್ಲಿ ಹಾಲಲ್ಲದ್ದು ಏನಿದ್ದರೂ ಎತ್ತಿ ತೋರಿಸುವುದೇ ಅಭ್ಯಾಸ.

ದೂಧಗಂಗೆಯ ದಂಡೆಯ ಆ ಊರಿನಲ್ಲಿ ಹಾಲು ಅಳೆಯುವವನು ಪಾರಿಸ, ಫ್ಯಾಟು ನೋಡುವವನು ಪಾರಿಸ, ಪಟ್ಟಿ ಬರೆಯುವವನೂ ಪಾರಿಸ. ಹಾಲಿಗೆ ನೀರು ಸೇರಿದ್ದರೆ ಯಂತ್ರ ಹೇಳುವ ಮೊದಲೇ ಅವನು ಮುಖ ನೋಡಿ ಹೇಳುತ್ತಾನೆಂದು ಊರಲ್ಲಿ ಮಾತಿತ್ತು. ಹಾಲಿನ ಮುಖವಲ್ಲ, ತಂದವರ ಮುಖ.

ಡೇರಿಯ ಚೇರ್ಮನ್ ದಾದಾಸಾಹೇಬರು ಕನ್ನಡಕ ಏರಿಸಿ ಕಾಗದವನ್ನು ಗಟ್ಟಿಯಾಗಿ ಓದಿದರು. ನಾಳೆಯಿಂದ ಪ್ರತಿ ಊರಿನ ಡೇರಿಯವರು ಎರಡೂ ಹೊತ್ತಿನ ಹಾಲಿನ ಪಟ್ಟಿಯನ್ನು ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಬೇಕು. ಸೆಕ್ರೆಟರಿಯ ಬಳಿ ಅಂಥ ಫೋನು ಇಲ್ಲದಿದ್ದರೆ ಇದ್ದವರನ್ನು ಆ ಜಾಗಕ್ಕೆ ಕೂರಿಸಬೇಕು. ಓದಿ ಮುಗಿಸುವಷ್ಟರಲ್ಲಿ ಸಾಲಿನಲ್ಲಿ ನಿಂತವರ ಕಣ್ಣೆಲ್ಲ ಪಾರಿಸನ ಅಂಗಿಯ ಕಿಸೆಗೆ ಹೋಯಿತು. ಅಲ್ಲಿ ಒತ್ತುವ ಗುಂಡಿಗಳ ಹಳೆಯ ಫೋನು, ರಬ್ಬರ್ ಬ್ಯಾಂಡು ಸುತ್ತಿಕೊಂಡು, ತಲೆನೋವಿಗೆ ಬಟ್ಟೆ ಕಟ್ಟಿಕೊಂಡ ಮುದುಕಿಯ ಹಾಗೆ ಕೂತಿತ್ತು. ಅಲ್ಲಿಂದ ಆ ಕಣ್ಣುಗಳು ಬಾಗಿಲಿಗೆ ಹೋದವು. ಬಾಗಿಲಲ್ಲಿ ಬೈಕಿನ ಮೇಲೆ ಚೇರ್ಮನ್ನರ ತಂಗಿಯ ಮಗ ವೃಷಭ ಕೂತಿದ್ದ. ಅವನ ಕೈಯಲ್ಲಿ ಅಂಗೈಗಿಂತ ದೊಡ್ಡ ಫೋನಿತ್ತು. ಮಾಡಲು ಬೇರೆ ಕೆಲಸವಿರಲಿಲ್ಲ.

"ಪಾರಿಸ, ನಾ ಏನ್ ಮಾಡ್ಲಿ ಹೇಳು," ಅಂದರು ದಾದಾಸಾಹೇಬರು. "ಮ್ಯಾಲಿಂದ ಬಂದ ಹುಕುಂ. ಇವತ್ತ ಸಂಜಿ ಹಾಲ ಬರೋದ್ರಾಗ ನಿನ್ನ ಸ್ವಂತ ಫೋನಿಂದ ಒಂದ ಫೋಟೋ ಡೇರಿ ಗ್ರೂಪಿನಾಗ ಬರಬೇಕು. ಬಂತಂದ್ರ ಖುರ್ಚಿ ನಿಂದು. ಬರ್ಲಿಲ್ಲಂದ್ರ ನಾಳಿಂದ ವೃಷಭ ಕುಂಡ್ರತಾನ."

"ಬರತೈತ್ರಿ ದಾದಾ," ಅಂದ ಪಾರಿಸ, ಅಳತೆಯ ಪಾತ್ರೆ ಕೆಳಗಿಡದೆ. "ನಿಪ್ಪಾಣಿಗೆ ಹೋಗೂದು, ಫೋನ ತರೂದು. ಹತ್ತೊಂಬತ್ತ ವರ್ಷ ಊರ ಹಾಲ ತೂಗಿದಾವಗ ಒಂದ ಫೋನ ತೂಗೂದ ಏನ ದೊಡ್ಡ ಮಾತ್ರಿ."

ಅಷ್ಟು ಸಾಕಾಯಿತು. ಸಾಲಿನಲ್ಲಿದ್ದವರು ತಮ್ಮ ತಮ್ಮ ಚರಿಗೆ ನೆಲಕ್ಕಿಟ್ಟು ಬುದ್ಧಿ ಹೇಳಲು ನಿಂತರು.

ಎರಡು ಎಮ್ಮೆಯ ಕೆಂಚವ್ವ ಮೊದಲು ಬಾಯಿ ತೆರೆದಳು. "ಬ್ಯಾಟರಿ ನೋಡಿ ತಗೋ ಪಾರಿಸಣ್ಣ. ನನ್ನ ಮೊಮ್ಮಗಂದ ಒಂದ ಐತಿ. ಗೂಟಕ್ಕ ಕಟ್ಟಿದ ಎಮ್ಮಿ ಹಂಗ ಯಾವತ್ತೂ ವಾಯರ ಕಟಗೊಂಡ ಗ್ವಾಡಿಗೆ ನಿಂತಿರತೈತಿ. ಅದನ್ನ ಹಿಡಕೊಂಡ ಅಂವಾನೂ ನಿಂತಿರತಾನ. ಎಮ್ಮೀನರ ಹಾಲ ಕೊಡತೈತಿ."

"ಬ್ಯಾಟರಿ ತಗೊಂಡ ಏನ ಮಾಡ್ತಿ, ರೇಂಜ್ ಬ್ಯಾಡ?" ಅಂದ ಪಕ್ಕದ ಮನೆಯ ಕಾಡಸಿದ್ದ. ಸರಕಾರಿ ಬಸ್ಸಿನ ಡ್ರೈವರಾಗಿ ರಿಟೈರಾದವನು. ಯಾವ ವಿಷಯಕ್ಕೂ ಹಾರ್ನು ಹೊಡೆಯದೆ ಬರುವವನಲ್ಲ. "ಈ ಊರಾಗ ಮುಂಚಿಬಾಗಿಲಕ ನಿಂತ್ರ ಕರ್ನಾಟಕ, ಹಿತ್ತಲಕ ಹೋದ್ರ ಮಹಾರಾಷ್ಟ್ರ. ಮಾತಾಡ್ಕೋತ ಬಚ್ಚಲಮನಿ ದಾಟಿದ್ರ ರೋಮಿಂಗ್ ಬೀಳತೈತಿ. ಎರಡ ಸಿಮ್ಮಿಂದ ತಗೋ. ಟವರ ಎಳಿಯೂ ತಾಕತ್ತ ನೋಡಿ ತಗೋ."

"ಕಾಕಾ, ಮೆಮರಿನೂ ನೋಡ್ರಿ," ಅಂದ ವೃಷಭ ಬೈಕಿನ ಮೇಲಿಂದಲೇ, ಬಹಳ ವಿನಯದಿಂದ. "ಮೆಮರಿ ಕಡಿಮಿ ಇದ್ರ ವಾಟ್ಸಾಪ್ ತಗಿಯೂದ್ರಾಗ ಹಾಲ ಮೊಸರಾಗತೈತಿ."

ಮನೆಗೆ ಬಂದರೆ ಹೆಂಡತಿ ತಾರಾಬಾಯಿ ಬಸದಿಗೆ ಹೊರಟು ನಿಂತಿದ್ದಳು. ಆ ವರ್ಷ ಊರಲ್ಲಿ ಮುನಿ ಮಹಾರಾಜರ ಚಾತುರ್ಮಾಸ; ಬೆಳಗ್ಗೆ ಅವರ ಆಹಾರದ ವ್ಯವಸ್ಥೆ, ಸಂಜೆ ನಾಲ್ಕಕ್ಕೆ ಪ್ರವಚನ, ನಡುವೆ ಸಿಕ್ಕಷ್ಟು ಹೊತ್ತು ಮನೆ. ಸುದ್ದಿ ಅವಳಿಗಾಗಲೇ ಮುಟ್ಟಿತ್ತು.

"ಕ್ಯಾಮರಾ ಚಲೋ ಇರೂದ ತರ್ರಿ," ಅಂದಳು. "ನಿಮ್ಮ ಅಕ್ಷರ ಎದುರಿಗೆ ಕುಂತ ಓದಾಕ ಬರೂದಿಲ್ಲ. ಇನ್ನ ಫೋಟೋದಾಗ ಯಾರ ಓದತಾರ?"

ಪಾರಿಸ ಕ್ಯಾಲೆಂಡರಿನ ಹೋದ ತಿಂಗಳ ಹಾಳೆ ಹರಿದು, ಹಿಂದಿನ ಬಿಳಿ ಮಗ್ಗುಲಿಗೆ ಗೆರೆ ಹೊಡೆದು ನಾಲ್ಕು ಮನೆ ಮಾಡಿದ. ಬ್ಯಾಟರಿ, ರೇಂಜು, ಮೆಮರಿ, ಕ್ಯಾಮರಾ. ಕೆಳಗೆ ದಪ್ಪಗೆ ಬರೆದ: ಏಳು ಸಾವಿರದ ಒಳಗೆ. ಊರಿನ ಬಾಯಿ ನಾಲ್ಕು ಮನೆಯಲ್ಲಿ ಅಡಗಿತು ಅಂದುಕೊಂಡು, ಹಾಳೆ ಮಡಚಿ ಕಿಸೆಗಿಟ್ಟು, ಹತ್ತರ ಬಸ್ಸು ಹತ್ತಿದ. ಕಿಟಕಿಯ ಪಕ್ಕ ಕಾಡಸಿದ್ದ ಆಗಲೇ ಕೂತಿದ್ದ.

"ನೀ ಎಲ್ಲಿಗೆ?"

"ನಿನ್ನ ಜೋಡಿ. ನಿನಗ ರೇಂಜ್ ನೋಡಾಕ ಬರೂದಿಲ್ಲ."

ನಿಪ್ಪಾಣಿಯ ತನಕ ಕಾಡಸಿದ್ದ ರೇಂಜಿನ ವಿಷಯ ಎತ್ತಲಿಲ್ಲ. ಎಲ್ಲಿ ಗೇರು ಹಾಕಬೇಕಿತ್ತು, ಎಲ್ಲಿ ಹಾಕಬಾರದಿತ್ತು ಎಂದು ಡ್ರೈವರನಿಗೆ ಕೇಳುವ ಹಾಗೆ ಹೇಳುತ್ತ ಬಂದ. ಇಳಿಯುವಾಗ ಡ್ರೈವರ್ ಇಬ್ಬರಿಗೂ ಕೈಮುಗಿದ.

ಬಸ್ ಸ್ಟ್ಯಾಂಡಿನ ಎದುರಿಗೇ ನಾಮದೇವನ ಮೊಬೈಲ್ ಅಂಗಡಿ. ಮೂವತ್ತರ ಹರೆಯ, ನಗುಮುಖ, ಗಿರಾಕಿಯ ಚಪ್ಪಲಿ ನೋಡಿ ಬಜೆಟ್ಟು ಹೇಳುವ ಚತುರ.

"ಯಾ ಯಾ ಕಾಕಾ, ಬರ್ರಿ. ಏಳ ಸಾವಿರದೊಳಗ?"

ಪಾರಿಸ ಬೆರಗಾದರೂ ತೋರಿಸಿಕೊಳ್ಳಲಿಲ್ಲ. "ರೇಟ ಆಮ್ಯಾಲ. ಮೊದಲ ಮಾಲ ನೋಡೂಣು."

ನಾಮದೇವ ಗಾಜಿನ ಮೇಲೆ ಮೂರು ಫೋನು ಸಾಲಾಗಿ ಇಟ್ಟ. "ಇದರ ಬ್ಯಾಟರಿ ಎರಡ ದಿನ ಬರತೈತಿ, ಆದ್ರ ಸ್ವಲ್ಪ ಸಾವಕಾಶ ನಡೀತೈತಿ, ಭಾರನೂ ಐತಿ. ಇದರ ಕ್ಯಾಮರಾ ಅಂದ್ರ ಕ್ಯಾಮರಾ; ಬ್ಯಾಟರಿ ಮಾತ್ರ ಮಧ್ಯಾಹ್ನತನಕ. ಇನ್ನ ಇದು, ಎರಡ ಜೀಬಿ, ಕುದರಿ ಓಡಿದಂಗ ಓಡತೈತಿ."

"ಇದರ ಕ್ಯಾಮರಾ?"

"ಐತ್ರಿ," ಅಂದ ನಾಮದೇವ, ಬೀಗರ ಮನೆಯ ಹುಡುಗನ ನೌಕರಿ ಬಗ್ಗೆ ಹೇಳುವ ದನಿಯಲ್ಲಿ.

ಪಾರಿಸ ಒಂದೊಂದನ್ನೂ ಅಂಗೈ ಮೇಲಿಟ್ಟು ತೂಗಿದ. ಓರೆ ಮಾಡಿ ಬೆಳಕಿಗೆ ಹಿಡಿದ. ಬೆನ್ನು ತಟ್ಟಿದ. ಮೂಸಿ ನೋಡುತ್ತಾನೇನೋ ಎಂದು ನಾಮದೇವನಿಗೆ ಅನುಮಾನ ಬಂತು. ಆಮೇಲೆ ಪಾರಿಸ ತೀರ್ಪು ಕೊಟ್ಟ.

"ನೋಡಪಾ. ಈ ಮೊದಲನೇದು ಎಮ್ಮಿ. ಓಡೂದಿಲ್ಲ, ಆದ್ರ ಗಟ್ಟಿ. ಎರಡನೇದು ಹೊಸದಾಗಿ ಈದ ಆಕಳ. ನೋಡಾಕ ಚೆಂದ, ಸಂಜೀಕ ಬತ್ತತೈತಿ. ಮೂರನೇದು ಜರ್ಸಿ. ರಗಡ ಕೊಡತೈತಿ, ಆದ್ರ ತೆಳ್ಳಗ. ಈಗ ನನಗ ಯಾವ್ದ ಬೇಕು ಅನ್ನೂದ ಮಾತಲ್ಲ. ಸ್ಯಾಂಪಲ್ ನೋಡಬೇಕು."

"ಸ್ಯಾಂಪಲ್ ಅಂದ್ರ?"

"ಮೂರೂ ಫೋನಿನಾಗ ಹಾಡ ಹಚ್ಚು. ಟಾರ್ಚ್ ಹಚ್ಚು. ಎರಡೂವರಿತನಕ ಬಿಡು. ಯಾವ್ದ ಎಷ್ಟ ಇಳೀತು ಗೊತ್ತಾಗತೈತಿ. ಪರೀಕ್ಷಾ ಮಾಡದ ಹಾಲ ನಾ ಇವತ್ತಿನತನಕ ತಗೊಂಡಿಲ್ಲ. ಚೇರ್ಮನ್ನರ ಮನೀದೂ ತಗೊಂಡಿಲ್ಲ."

ಮಧ್ಯಾಹ್ನ ಗಿರಾಕಿ ಕಡಿಮೆ, ನಾಮದೇವನಿಗೆ ಮೋಜೆನಿಸಿತು. ಹನ್ನೊಂದೂವರೆಗೆ ಮೂರೂ ಫೋನು ಒಟ್ಟಿಗೆ ಹಾಡತೊಡಗಿದವು. ಒಂದರಲ್ಲಿ ಮರಾಠಿ ಭಜನೆ, ಒಂದರಲ್ಲಿ ಹಿಂದಿ ಸಿನೆಮಾದ ಹಾಡು, ಒಂದರಲ್ಲಿ ಕಂಪನಿಯವರೇ ತುಂಬಿ ಕಳಿಸಿದ ಪೀಪಿ ಸಂಗೀತ. ಮೂರರ ಬೆನ್ನಲ್ಲೂ ದೀಪ. ಗದ್ದಲಕ್ಕೆ ಬೀದಿಯವರು ಇಣುಕಿದರು. ಇಣುಕಿದವರಿಗೆ ಪಾರಿಸ ಬೆಂಚಿನ ಮೇಲೆ ಕೂತು, ಕ್ಯಾಲೆಂಡರ್ ಹಾಳೆ ಬಿಡಿಸಿ, ವಿವರಿಸಿದ.

"ತಂಗಿ, ನಿಮ್ಮನ್ಯಾಗ ಕರೆಂಟ್ ಎಷ್ಟ ತಾಸ ಇರತೈತಿ? ಆರ ತಾಸ? ಹಂಗಾದ್ರ ಆಕಳ ಮುಟ್ಟಬ್ಯಾಡ. ಎಮ್ಮೀನ ತಗೋ."

ತಂಗಿ ಎಮ್ಮೆಯನ್ನೇ ತೆಗೆದುಕೊಂಡಳು. ಅವಳ ಹಿಂದೆ ಬಂದ ಕಾಲೇಜಿನ ಇಬ್ಬರು ಹುಡುಗರು ಆಕಳು ತೆಗೆದುಕೊಂಡರು. ಒಂದು ಗಂಟೆಯ ಹೊತ್ತಿಗೆ ನಾಮದೇವನೇ ಗಿರಾಕಿಗಳಿಗೆ "ವೈನಿ, ನಿಮಗ ಜರ್ಸಿ ನಡೀತೈತೇನ ನೋಡ್ರಿ" ಅನ್ನತೊಡಗಿದ್ದ. ಪಾರಿಸನಿಗೆ ಚಹಾ ಬಂತು. ಅವನು ಕಾಲ ಮೇಲೆ ಕಾಲು ಹಾಕಿಕೊಂಡ. ನಾಲ್ಕು ದಾರಿ ಕೂಡುವಲ್ಲಿ ನಿಂತು ದಾರಿ ತೋರಿಸುವ ಕಲ್ಲಿಗೂ ಅಷ್ಟು ವಿಶ್ವಾಸ ಇರಲಿಕ್ಕಿಲ್ಲ.

ಎರಡು ಗಂಟೆ ದಾಟಿದಾಗ ನಾಮದೇವ ಗಾಜಿನ ಕಡೆ ನೋಡಿದ. ಅಲ್ಲಿ ಹಾಡುತ್ತಿದ್ದವು ಎರಡೇ ಫೋನು.

"ಕಾಕಾ, ನಿಮ್ಮ ಸ್ಯಾಂಪಲ್ ಎಮ್ಮಿ ಎಲ್ಲಿ?"

ಎಮ್ಮೆಯೂ ಇರಲಿಲ್ಲ, ಕಾಡಸಿದ್ದನೂ ಇರಲಿಲ್ಲ.

"ರೇಂಜ್ ನೋಡ್ತೇನಂದ," ಎಂದು ನೆನಪು ಮಾಡಿಕೊಂಡ ಪಾರಿಸ. "ತನ್ನ ಸಿಮ್ ಹಾಕ್ಕೊಂಡ. ಬಾಗಿಲಾಗ ನಿಂತಿದ್ದ."

ನಾಮದೇವನ ನಗುಮುಖ ಹಾಲು ಒಡೆದಂತೆ ಒಡೆಯಿತು. ಪಕ್ಕದ ಬೇಕರಿಯವನನ್ನು ಕರೆದು, "ಈ ಕಾಕಾ ಎದ್ದ ಹೋಗದಂಗ ನೋಡ್ಕೋ" ಅಂತ ಹೇಳಿ ಓಡಿದ. ಬೇಕರಿಯವನು ಪಾರಿಸನ ಪಕ್ಕ ಬೆಂಚಿನ ಮೇಲೆ ಕೂತು ಅವನ ಮೊಣಕಾಲ ಮೇಲೆ ಕೈಯಿಟ್ಟ. ಸ್ನೇಹದ ಕೈಯಲ್ಲ ಅದು.

ಕಾಡಸಿದ್ದನನ್ನು ಹುಡುಕುವುದೇನೂ ಕಷ್ಟವಾಗಲಿಲ್ಲ. ಸುಡುವ ಬಿಸಿಲಲ್ಲಿ ಟಾರ್ಚ್ ಹಚ್ಚಿಕೊಂಡು ಭಜನೆ ಕೇಳುತ್ತ ಹೋದ ಮುದುಕನನ್ನು ಬೀದಿಯವರೆಲ್ಲ ನೋಡಿದ್ದರು. ಎಲ್ಲರೂ ಬಸ್ ಸ್ಟ್ಯಾಂಡಿನ ಕಡೆ ಕೈ ಮಾಡಿದರು. ಅಲ್ಲಿ ಕೊಲ್ಹಾಪುರದ ಬಸ್ಸು ಗೇಟು ದಾಟುತ್ತಿತ್ತು. ಡ್ರೈವರನ ಹಿಂದಿನ ಸೀಟಿನಲ್ಲಿ ದೀಪ ಉರಿಯುತ್ತಿತ್ತು. ನಾಮದೇವ ಬಸ್ಸಿನ ಮುಂದೆ ಎರಡೂ ಕೈ ಚಾಚಿ ನಿಂತ.

"ಇಳೀರಿ ಅಜ್ಜಾ ಕೆಳಗ. ಫೋನ ಕದ್ದ ಮಂದಿ ಊರ ಬಿಡತಾರ. ನೀವ ರಾಜ್ಯನ ಬಿಟ್ಟ ಹೊಂಟೀರಲ್ಲ."

"ಯಾಂವ ಕದ್ದಾನ?" ಅಂದ ಕಾಡಸಿದ್ದ ಕಿಟಕಿಯಿಂದ, ಸೀಟು ಬಿಡದೆ. "ಗಡಿ ದಾಟಿದ ಕೂಡ್ಲೆ ಟವರ ಬದಲಾಗತೈತೋ ಇಲ್ಲೋ ನೋಡಬೇಕಲ್ಲ. ನೋಡಿ ಮುಂದಿನ ಬಸ್ಸಿಗೆ ತಿರಗಿ ಬರಾಂವಿದ್ದೆ. ಒಂದ ತಾಸಿನ ಕೆಲಸ."

ಮೂವತ್ತು ಪ್ಯಾಸೆಂಜರು, ಕಂಡಕ್ಟರು, ಬಸ್ ಸ್ಟ್ಯಾಂಡಿನ ಕಂಟ್ರೋಲರು, ಎಲ್ಲರೂ ಒಟ್ಟಿಗೆ ಮಾತಾಡಿದ ಮೇಲೆ ಅವನು ಇಳಿದ. ಅಂಗಡಿಗೆ ಬಂದಾಗ ಎರಡು ಗಂಟೆ ನಲವತ್ತು ನಿಮಿಷ. ಬೇಕರಿಯವನು ಪಾರಿಸನ ಮೊಣಕಾಲು ಬಿಟ್ಟ.

"ಎಷ್ಟ ಇಳದೈತಿ ನೋಡು," ಅಂದ ಪಾರಿಸ ಮೊದಲು. ಆಕಳು ಅಷ್ಟರಲ್ಲಿ ಕಣ್ಣು ಮುಚ್ಚಿತ್ತು. ಜರ್ಸಿ ಅರ್ಧಕ್ಕೆ ಇಳಿದಿತ್ತು. ಎಮ್ಮೆ ಊರು ತಿರುಗಿ, ಬಸ್ಸು ಹತ್ತಿ, ರಂಪ ಕಂಡು ಬಂದರೂ ನೂರಕ್ಕೆ ಎಂಬತ್ತರ ಮೇಲೆ ನಿಂತಿತ್ತು.

"ಇದ ನನ್ನ ಫೋನ," ಅಂದ ಪಾರಿಸ.

"ರೇಂಜೂ ಭಾರಿ ಐತಿ," ಅಂದ ಕಾಡಸಿದ್ದ, ಏನೂ ಆಗಿಲ್ಲದವನಂತೆ. "ಗೇಟಿನತನಕ ಫುಲ್ ಇತ್ತು."

ನಾಮದೇವ ಹೊಸ ಡಬ್ಬಿ ಒಡೆದು ಕೊಟ್ಟ. ಪಾರಿಸನ ಹಳೆಯ ಸಿಮ್ಮು ದೊಡ್ಡದಾಯಿತೆಂದು ಅದನ್ನು ಉಗುರು ಕತ್ತರಿಸಿದಂತೆ ಕತ್ತರಿಸಿ ಕೂರಿಸಿದ. ವಾಟ್ಸಾಪು ಹಾಕಿದ. ಫೋಟೋ ತೆಗೆಯಲು ಬಿಳಿ ಗುಂಡಿ, ಕಳಿಸಲು ಹಸಿರು ಗುಂಡಿ ಎಂದು ಮೂರು ಸಲ ಹೇಳಿಕೊಟ್ಟ. "ಕ್ಯಾಮರಾ ಸಾದಾ ಐತ್ರಿ. ದೂರಿಂದ ಬರೂದಿಲ್ಲ. ಪಟ್ಟಿ ಫೋಟೋಕ್ಕ ಸಾಕು." ಬೆಲೆಯಲ್ಲಿ ಇನ್ನೂರು ಬಿಟ್ಟ. "ಕಾಕಾ, ವಾರಕ್ಕೊಮ್ಮಿ ಹಿಂಗ ಬಂದ ಕುಂಡ್ರರಿ. ಈ ಅಜ್ಜನ್ನ ಬಿಟ್ಟ ಬರ್ರಿ."

ಬಸ್ಸಿನಲ್ಲಿ ಪಾರಿಸ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತ. ಅದು ಕಿಸೆಯಲ್ಲಿ ಹಿಡಿಯುವಂತಿರಲಿಲ್ಲ. ಕಿಸೆಗೆ ಹಾಕಿದರೆ ಅಂಗಿಯೇ ಒಂದು ಕಡೆ ವಾಲುತ್ತಿತ್ತು. ವೃಷಭನಿಗೆ ಫೋನು ಮಾಡಿ ತನ್ನ ನಂಬರನ್ನು ಗ್ರೂಪಿಗೆ ಸೇರಿಸಲು ಹೇಳಿದ. ವೃಷಭ ಕೂಡಲೇ ಸೇರಿಸಿದ. ಗ್ರೂಪಿನಲ್ಲಿ ಪಾರಿಸನ ಹೆಸರು ಮೂಡಿತು. ಇನ್ನು ಉಳಿದದ್ದು ಒಂದು ಫೋಟೋ; ಕುಲುಕುವ ಬಸ್ಸಿನಲ್ಲಿ ಬೇಡ, ಊರಿಗಿಳಿದು ತೆಗೆದರಾಯಿತು.

ಊರಿಗೆ ಇಳಿದಾಗ ನಾಲ್ಕೂವರೆ. ಬೀದಿ ಖಾಲಿ, ಪ್ರವಚನದ ಮೈಕಿನ ದನಿ ಮಾತ್ರ ಓಣಿ ಓಣಿಗೂ ಹರಿಯುತ್ತಿತ್ತು. ಕಾಡಸಿದ್ದ ಮಲಗಲು ಹೋದ. ಡೇರಿಯ ಬಾಗಿಲ ಫೋಟೋ ಹೊಡೆದು ಕಳಿಸಿದರೆ ಕೆಲಸ ಮುಗಿಯಿತು ಅಂದುಕೊಂಡ ಪಾರಿಸ, ಹಾಲಿನ ಹೊತ್ತಿಗೆ ಬಾಗಿಲು ತೆರೆಯುವ ಬೀಗದ ಕೈ ಹೆಂಡತಿಯ ಹತ್ತಿರವಿದೆಯೆಂದು ನೆನಪಾಗಿ ಮೊದಲು ಬಸದಿಗೆ ನಡೆದ. ತಾರಾಬಾಯಿ ಮಂಟಪದ ಹೊರಗೆ ನೀರಿನ ವ್ಯವಸ್ಥೆ ನೋಡುತ್ತ ನಿಂತಿದ್ದಳು. ಸೆರಗಿನ ತುದಿಗೆ ಕೈ ಒರೆಸಿಕೊಂಡು ಫೋನನ್ನು ಇಸಿದುಕೊಂಡು, ಹಿಂದೆ ಮುಂದೆ ತಿರುಗಿಸಿ, ಸೊಸೆ ನೋಡಲು ಹೋದವಳಂತೆ ನೋಡಿದಳು.

"ಚಲೋ ಐತಿ. ಸ್ವಲ್ಪ ದಪ್ಪಗೈತಿ. ಮೊದಲನೇ ಫೋಟೋ ಯಾರದ ತಗದ್ರಿ?"

"ಇನ್ನೂ ಇಲ್ಲ. ಡೇರಿ ಬಾಗಲದ್ದ ತಗದ ಹಾಕಿ ಬಿಡ್ತೇನಿ."

"ಹತ್ತೊಂಬತ್ತ ವರ್ಷದ ನೌಕರಿ ಉಳಸೂ ಫೋಟೋ ಅದು. ಬಾಗಲದ್ದ ಹಾಕ್ತೀರಿ?" ತಾರಾಬಾಯಿ ದನಿ ತಗ್ಗಿಸಿದಳು. "ಇಲ್ಲಿತನಕ ಬಂದೀರಿ. ಬೋಣಿ ಮಹಾರಾಜ್ರ ಫೋಟೋದ್ಲಿಂದ ಆಗ್ಲಿ. ಹೋಗ್ರಿ, ಒಂದ ತಗದ ಹಾಕ್ರಿ. ಆಮ್ಯಾಲ ಬಾಗಲದ್ದರ ಹಾಕ್ರಿ, ಕ್ಯಾನಿಂದರ ಹಾಕ್ರಿ."

ಮಾತು ಸರಿ ಅನಿಸಿತು. ಮುಂಜಾನೆಯಿಂದ ಎಲ್ಲ ತೂಗಿ ನೋಡಿದವನು ಇದನ್ನು ತೂಗಲಿಲ್ಲ. ದೇವರ ಕೆಲಸ ತೂಗುವಂಥದ್ದಲ್ಲ. ಚಪ್ಪಲಿ ಬಿಟ್ಟು, ಗಂಡಸರ ಕಡೆಯಲ್ಲಿ ತೀರ ಹಿಂದೆ, ಕಂಬದ ಪಕ್ಕ ಕೂತ.

ಬೇರೆ ದಿನವಾಗಿದ್ದರೆ ಪಾರಿಸ ಪ್ರವಚನದ ಒಂದಕ್ಷರ ಬಿಡುವವನಲ್ಲ. ಶ್ಲೋಕ ಬಂದರೆ ಕಣ್ಣು ಮುಚ್ಚಿ ತಾನೂ ತುಟಿ ಅಲುಗಿಸುವವನು. ಆದರೆ ಇವತ್ತು ಕೈಯಲ್ಲಿ ಫೋನಿತ್ತು, ಗೋಡೆಯ ಗಡಿಯಾರದಲ್ಲಿ ಐದು ಗಂಟೆಯಾಗುತ್ತಿತ್ತು, ಐದೂವರೆಗೆ ಹಾಲು ಬರುತ್ತಿತ್ತು. ಎದೆಯ ಮಟ್ಟದಲ್ಲಿ ಹಿಡಿದು ಗುಂಡಿ ಒತ್ತಿದ. ಪರದೆಯ ತುಂಬ ತನ್ನದೇ ಮುಖ ಬಂತು, ಮೂಗಿನ ಹೊಳ್ಳೆಯ ಸಮೇತ. ಬೆಚ್ಚಿ ಅದನ್ನು ಬದಲಾಯಿಸಿದ. ಈಗ ಮುಂದಿನವನ ಗಾಂಧಿ ಟೋಪಿ ಬಂತು. ಮೇಲೆ ಹಿಡಿದ, ಅದರಾಚೆಯವನ ತಲೆಗೆ ಸುತ್ತಿದ ಪಟಕಾ ಬಂತು. ಇನ್ನೂ ಮೇಲೆ ಹಿಡಿದ, ಫ್ಯಾನು ಬಂತು. ಮೊಣಕಾಲ ಮೇಲೆ ಎದ್ದು, ತೋಳನ್ನು ಪೂರ್ತಿ ಚಾಚಿ, ಫೋನನ್ನು ಸ್ವಲ್ಪ ಕೆಳಗೆ ಬಾಗಿಸಿದಾಗ, ದೂರದಲ್ಲಿ, ಬೆರಳ ಉಗುರಿನಷ್ಟು ಮಹಾರಾಜರು ಕಂಡರು. ಬಿಳಿ ಗುಂಡಿ ಈಗ ಕೈಗೆ ಎಟುಕುತ್ತಿರಲಿಲ್ಲ. ಹೆಬ್ಬೆರಳನ್ನು ಕುರುಡನ ಕೋಲಿನಂತೆ ತಡವರಿಸುತ್ತ ಪಾರಿಸ ಹಾಗೇ ಇದ್ದ.

ಮಂಟಪ ಸದ್ದಿಲ್ಲದಂತಾಯಿತು. ಆಮೇಲೆ ಒಮ್ಮೆಲೇ ಜಯಕಾರ ಎದ್ದಿತು.

ಸುತ್ತ ಕೂತವರು ತನ್ನ ಕಡೆ ತಿರುಗಿದ್ದು ಪಾರಿಸನಿಗೆ ಕಂಡಿತು. ಟೋಪಿಯವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. "ಮುಂದ ಹೋಗ್ರಿ, ಮುಂದ ಹೋಗ್ರಿ" ಅಂದ ಪಟಕಾದವನು. ದೂರದಿಂದ ಫೋಟೋ ಬರುವುದಿಲ್ಲವೆಂದು ಊರಿಗೆಲ್ಲ ಗೊತ್ತಾಗಿದೆ, ಎಂಥ ಒಳ್ಳೆಯ ಮಂದಿ, ಅನಿಸಿತು ಪಾರಿಸನಿಗೆ. ಜನರ ನಡುವೆ ಹಾದು, ಫೋನನ್ನು ಎದೆಗೆ ಹಿಡಿದು ಮುಂದೆ ಹೋದ. ಯಾರೋ ಅವನ ಇನ್ನೊಂದು ಕೈಗೆ ತೆಂಗಿನಕಾಯಿ ಕೊಟ್ಟರು. ಫೋಟೋ ತೆಗೆಯುವವನಿಗೂ ಕಾಯಿ ಕೊಡುವ ಪದ್ಧತಿ ಹೊಸದಿರಬೇಕು ಅಂದುಕೊಂಡ. ಮಹಾರಾಜರ ಎದುರು ಮಂಡಿಯೂರಿ "ನಮೋಸ್ತು" ಅಂದ.

"ಯಾವಾಗ ತಗೊಂಡ್ರಿ ಇದನ್ನ?" ಮಹಾರಾಜರು ಫೋನಿನ ಕಡೆ ನೋಡಿ ಕೇಳಿದರು. ಮೈಕು ಅವರ ಮುಂದೆಯೇ ಇತ್ತು.

"ಇವತ್ತ್ರಿ ಮಹಾರಾಜ್ರ. ಈಗ ಬಸ್ಸಿಂದ ಇಳದ ಸೀದಾ ಇಲ್ಲಿಗೇ ಬಂದೇನ್ರಿ."

ಮಂಟಪದಲ್ಲಿ ಗುಜುಗುಜು ಎದ್ದಿತು.

"ಆಸೆಪಟ್ಟ ತಗೊಂಡಿದ್ದೋ, ಹಂಗ ಬಂದಿದ್ದೋ?"

"ಭಾಳ ಆಸೆಪಟ್ಟ್ರಿ. ಮೂರ ತಾಸ ಕುಂತ, ಮೂರ ಫೋನ ತೂಗಿ, ಪರೀಕ್ಷಾ ಮಾಡಿ ತಂದೇನ್ರಿ. ಇದರಷ್ಟ ಗಟ್ಟಿದು ನಿಪ್ಪಾಣ್ಯಾಗ ಇಲ್ರಿ."

"ಇದರ ಅವಶ್ಯಕತಾ ಇತ್ತು?"

"ನನ್ನ ನೌಕರೀನ ಇದರ ಮ್ಯಾಲ ಐತ್ರಿ."

ಮಹಾರಾಜರು ಸಭೆಯ ಕಡೆ ತಿರುಗಿದರು. "ಕೇಳಿದ್ರಿ? ದೀಪಾವಳಿತನಕ ಮೊಬೈಲ್ ಮುಟ್ಟೂದಿಲ್ಲಂತ ಯಾರ ನಿಯಮ ತಗೋತೀರಿ, ಕೈ ಎತ್ರಿ ಅಂತ ಕೇಳಿದೆ. ಮುನ್ನೂರ ಮಂದಿ ಕುಂತೀರಿ. ಎಲ್ಲಾರೂ ಚಾಪಿ ನೋಡಿದ್ರಿ. ಎದ್ದಿದ್ದು ಒಂದ ಕೈ. ಅದೂ ಬರಿಗೈ ಅಲ್ಲ. ಬಿಡೂ ವಸ್ತುವನ್ನ ಎಲ್ಲಾರಿಗೂ ಕಾಣೂಹಂಗ ಎತ್ತಿ ಹಿಡದ ಕೈ. ಹಳೇದಾಗಿದ್ದನ್ನ ಬಿಡೂದು ತ್ಯಾಗ ಅಲ್ಲ. ತಂದ ದಿನಾನ ಬಿಡೂದೈತಲ್ಲ, ಅದು ತ್ಯಾಗ."

ಪಾರಿಸನ ಕೈಯಲ್ಲಿದ್ದ ಕಾಯಿ ಒಮ್ಮೆಲೇ ಹತ್ತು ಲೀಟರಿನ ಕ್ಯಾನಿನಷ್ಟು ಭಾರವಾಯಿತು. ಸತ್ಯ ಹೇಳಿಬಿಡಬೇಕೆಂದು ಬಾಯಿ ತೆರೆದ. ಎದುರಿಗೆ ದಾದಾಸಾಹೇಬರು ಟೋಪಿ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಹೆಂಗಸರ ಕಡೆಯಲ್ಲಿ ತಾರಾಬಾಯಿ ಒಳಗೆ ಬಂದು ನಿಂತು, ಮದುವೆಯಾದ ಇಪ್ಪತ್ನಾಲ್ಕು ವರ್ಷಗಳಲ್ಲಿ ಮೊದಲ ಸಲ, ಗಂಡನಿಗೆ ಎರಡೂ ಕೈ ಜೋಡಿಸಿದ್ದಳು. ಆ ಕೈಗಳನ್ನು ಕೆಳಗಿಳಿಸುವ ಧೈರ್ಯ ಯಾವ ಗಂಡನಿಗಿದೆ?

"ಮಹಾರಾಜ್ರ, ಖರೇ ಹೇಳಬೇಕಂದ್ರ..." ಅಂದ ಪಾರಿಸ.

"ಹೇಳ್ರಿ."

"ಖರೇ ಹೇಳಬೇಕಂದ್ರ... ದೀಪಾವಳಿ ಭಾಳ ದೂರ ಐತ್ರಿ."

ಸಭೆ ನಕ್ಕಿತು. ಮಹಾರಾಜರೂ ನಕ್ಕರು. "ಹತ್ತರ ಇದ್ರ ನಿಯಮ ಯಾಕ ಬೇಕಿತ್ತು?" ಅಂದು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು. ಮತ್ತೆ ಜಯಕಾರ ಎದ್ದಿತು. ಫೋನು ಪಾರಿಸನ ಕೈಯಿಂದ ಒಂದು ತಟ್ಟೆಗೆ, ತಟ್ಟೆಯ ಸಮೇತ ತಾರಾಬಾಯಿಯ ಕೈಗೆ ಹೋಯಿತು.

ಬಸದಿಯ ಹೊರಗೆ ದಾದಾಸಾಹೇಬರು ಪಾರಿಸನ ಹೆಗಲ ಮೇಲೆ ಕೈಯಿಟ್ಟರು. "ಪಾರಿಸ, ನೀ ಇಷ್ಟ ದೊಡ್ಡಾಂವ ಅಂತ ಗೊತ್ತಿರ್ಲಿಲ್ಲ. ನೌಕರಿ ಹೋಗತೈತಿ ಅಂತ ಗೊತ್ತಿದ್ದೂ ಕೈ ಎತ್ತಿದಿ."

"ದಾದಾ, ನೌಕರಿದ್ದ ಏನರ ಒಂದ ದಾರಿ..."

"ಫೋಟೋ ಗ್ರೂಪಿನಾಗ ಬಂದೈತಿ. ನೀ ಕಾಯಿ ಹಿಡಕೊಂಡ ಕುಂತದ್ದು. ವೃಷಭ ತಗದ ಹಾಕ್ಯಾನ. ಮಂದಿ ನೂರಾ ಎಂಟ ಸಲ ಕೈ ಮುಗದಾರ. ಆದ್ರ ಏನ ಮಾಡೂದು, ನಿನ್ನ ಫೋನಿಂದ ಬರ್ಲಿಲ್ಲ. ಬರೂಹಂಗೂ ಇಲ್ಲ." ದಾದಾಸಾಹೇಬರು ನಿಟ್ಟುಸಿರು ಬಿಟ್ಟರು. "ಇವತ್ತ ಸಂಜಿಂದನ ದೀಪಾವಳಿತನಕ ಖುರ್ಚಿಮ್ಯಾಲ ವೃಷಭ ಕುಂಡ್ರಲಿ, ಕೈ ರೂಢಿ ಆಗ್ಲಿ. ನೀ ಅಳತಿ ನೋಡು. ಅಳತಿಗೆ ನಿಯಮ ಅಡ್ಡ ಬರೂದಿಲ್ಲ."

ವೃಷಭ ಬಂದು ಪಾರಿಸನ ಕಾಲು ಮುಟ್ಟಿ ನಮಸ್ಕರಿಸಿದ. ನಮಸ್ಕರಿಸಿ ಎದ್ದು, ತನ್ನ ಫೋನು ತೆಗೆದು ನೋಡಿ ಮುಖ ಸಣ್ಣದು ಮಾಡಿಕೊಂಡ. ಅದರ ಚಾರ್ಜು ಮುಗಿದು ಪರದೆ ಕಪ್ಪಾಗಿತ್ತು.

"ನಾಳಿ ಮುಂಜಾನೆ ಐದಕ್ಕ ಪಟ್ಟಿ ಕಳಸಬೇಕು, ಮಾಮಾ. ಕರೆಂಟ್ ಇರ್ಲಿಲ್ಲಂದ್ರ ಹೆಂಗ?"

ಪಾರಿಸ ಬಾಯಿ ಬಿಡುವ ಮೊದಲೇ ತಾರಾಬಾಯಿ ತಟ್ಟೆಯನ್ನು ಮುಂದೆ ಚಾಚಿದಳು.

"ಇದನ್ನ ಒಯ್ಯಪಾ ನೀ. ಮನ್ಯಾಗ ಕಣ್ಣ ಮುಂದ ಇದ್ರ ಇವ್ರಿಗೆ ಆಸೆ ಆಗತೈತಿ. ನಿಯಮ ಮುರದ್ರ ಊರಿಗೆ ಒಳ್ಳೇದಲ್ಲ."

ಐದೂವರೆಗೆ ಡೇರಿಯ ಬಾಗಿಲು ತೆರೆಯಿತು. ಸಾಲಿನಲ್ಲಿ ನಿಂತವರು ಒಬ್ಬೊಬ್ಬರಾಗಿ ಚರಿಗೆ ಕೆಳಗಿಟ್ಟು, ಮೊದಲು ಪಾರಿಸನಿಗೆ ಕೈಮುಗಿದು, ಆಮೇಲೆ ಹಾಲು ಸುರಿದರು. ಪಾರಿಸ ಅಳೆದ. ಖುರ್ಚಿಯ ಮೇಲೆ ವೃಷಭ ಪಟ್ಟಿ ಬರೆದ, ಬರೆದದ್ದರ ಮೇಲೆ ಫೋನು ಬಾಗಿಸಿ ಹಿಡಿದ, ಗುಂಡಿ ಒತ್ತಿದ. ಅಕ್ಷರ ಸ್ಪಷ್ಟವಾಗಿ ಬಂದಿತ್ತು. ಹಿಗ್ಗಿಸಿ ನೋಡಿದ, ಕುಗ್ಗಿಸಿ ನೋಡಿದ, ಅಂಗೈ ಮೇಲೆ ಸ್ವಲ್ಪ ಕುಣಿಸಿ ನೋಡಿದ. ಮುಖದಲ್ಲಿ ನಿಜವಾದ ಗೌರವ ಮೂಡಿತು.

"ಕಾಕಾ, ಭಾರಿ ಆರಿಸಿ ತಂದೀರಿ," ಅಂದ. "ಇದು ನನಗ ಕೈಗೆ ಕುಂತಬಿಟ್ಟೈತಿ ನೋಡ್ರಿ. ದೀಪಾವಳಿ ಆದಮ್ಯಾಲ ನೀವ ಯಾವ್ದ ತಗೋಳಾವ್ರು?"